ಗುಲಾಬಿ ಮೊಹರು

ಠಾಣೆಯಲ್ಲಿ ಲ್ಯಾಬಿನ ಮಾಲೀಕ ಮೊಹರನ್ನು ಇಂಕ್ ಪ್ಯಾಡಿಗೆ ಗುದ್ದಿ, ಬಿಳಿ ಹಾಳೆಯ ಮೇಲೆ ಒತ್ತಿದ. ದಫೇದಾರರು ಅದರ ಪಕ್ಕದಲ್ಲಿ ದೂರಿನ ಜೊತೆ ಬಂದಿದ್ದ ಪತ್ರವನ್ನಿಟ್ಟು, ಎರಡರ ಮೇಲೂ ಸ್ಕೇಲು ಹಿಡಿದು ನೋಡಿದರು. ಅಕ್ಷರಗಳು ಒಂದೇ. ಸವೆದ ಅಂಚೂ ಒಂದೇ. ಆದರೆ ಪತ್ರದ ಮೊಹರು ನೂಲಿನೆಳೆಯಷ್ಟು ಚಿಕ್ಕದು.

"ನೋಡಿದ್ರಾ? ನಕಲಿ!" ಎಂದ ಮಾಲೀಕ. "ನನ್ನ ಮೊಹರು ಯಾರ ಕೈಗೂ ಸಿಗಲ್ಲ. ಮಲಗುವಾಗ್ಲೂ ದಿಂಬಿನ ಕೆಳಗೇ ಇಟ್ಕೊಂಡಿರ್ತೀನಿ."

"ಮತ್ತೆ ಹೆಂಡ್ತಿ ಎಲ್ಲಿ ಮಲಗ್ತಾರೆ?"

ಇನ್ಸ್‌ಪೆಕ್ಟರಮ್ಮ ಕೆಮ್ಮಿದರು. ದಫೇದಾರರು ತೆಪ್ಪಗೆ ಪೆನ್ನು ಎತ್ತಿಕೊಂಡರು.

ಮಾಲೀಕನದು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ, ಇಲ್ಲಿಂದ ಹಲ್ಲು ಹೋಗುತ್ತದೆ. ಹಿಂದಿನ ದಿನ ಪರದೇಶದ ವಲಸೆ ಕಚೇರಿಯವರು ಮೂಲ ಪತ್ರವನ್ನೇ ಕಳಿಸಿ ಫೋನ್ ಮಾಡಿದ್ದರು: ನಿಮ್ಮಲ್ಲಿ ಹನ್ನೆರಡು ವರ್ಷ ದಂತ ತಂತ್ರಜ್ಞೆಯಾಗಿದ್ದ ಮಹಿಳೆಗೆ ಈ ಅನುಭವ ಪತ್ರ ಕೊಟ್ಟಿದ್ದು ನೀವೇನಾ? ಆಕೆ ಕಸ ಗುಡಿಸುವವಳು ಎಂದು ಹೇಳಿ ಫೋನಿಟ್ಟ ಮಾಲೀಕ ನೇರ ಠಾಣೆಗೆ ಬಂದಿದ್ದ. ನಕಲಿ ದಾಖಲೆ ಸೃಷ್ಟಿ ಎಂದು ಎಫ್‌ಐಆರ್ ಆಯಿತು.

"ಅವಳಿಗೆ ಅಷ್ಟು ತಲೆ ಎಲ್ಲಿದೆ ಮೇಡಂ? ಹಿಂದೆ ಯಾವನೋ ಏಜೆಂಟ್ ಇದಾನೆ. ಅವನನ್ನ ಹಿಡೀರಿ."

ಪೇದೆಯೊಬ್ಬ ಊರಿನ ಮೊಹರು ಅಂಗಡಿಗಳನ್ನೆಲ್ಲ ಅಲೆದು ಬರಿಗೈಯಲ್ಲಿ ಬಂದ. ಆಕೆಯನ್ನು ಠಾಣೆಗೆ ಕರೆಸಿದರು. ಲ್ಯಾಬಿನಲ್ಲಿ ಎಲ್ಲರೂ ಅಕ್ಕ ಎನ್ನುವ, ನಲವತ್ತನ್ನು ದಾಟಿದ ಹೆಂಗಸು. ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಹಿಟ್ಟು.

"ಸಹಿ ಯಾರದು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನಾನೇ ಹಾಕಿದ್ದು."

"ಮೊಹರು ಮಾಡ್ಕೊಟ್ಟಿದ್ದು?"

"ಅದೂ ನಾನೇ."

"ಯಾರನ್ನ ಕಾಪಾಡ್ತಿದೀಯಮ್ಮ?"

"ಕಾಪಾಡೋಕೆ ನಂಗ್ಯಾರಿದಾರೆ ಮೇಡಂ? ಎತ್ತಿ ಆಡಿಸಿದ ತಂಗಿ ಒಬ್ಬಳು, ಅವಳೂ ಆ ದೇಶದಲ್ಲಿದಾಳೆ, ತುಂಬಿದ ಬಸುರಿ. ನುರಿತ ಕೆಲಸದವರ ವೀಸಾಗೆ ಮಾಲೀಕರ ಪತ್ರ ಬೇಕೇ ಬೇಕು. ಮುಂದಿನ ವರ್ಷ ನಂಗೆ ವಯಸ್ಸು ಮೀರತ್ತೆ. ಮೂರು ಸಲ ಕೇಳ್ದೆ. ಕಸ ಗುಡಿಸ್ತಾಳೆ ಅಂತ ಬೇಕಾದ್ರೆ ಬರ್ಕೊಡ್ತೀನಿ ಅಂದ್ರು. ಸಂಬಳದ ಲೆಕ್ಕದಲ್ಲಿ ನಾನು ಅದೇ."

ಮರುದಿನ ಬೆಳಿಗ್ಗೆ ಅಕ್ಕನನ್ನೂ ಪಂಚರನ್ನೂ ಕರೆದುಕೊಂಡು ಲ್ಯಾಬಿಗೆ ಹೋದರು. ಬಿಳಿ ದವಡೆಗಳು ಕಪಾಟಿನ ತುಂಬ ಬಾಯಿ ತೆರೆದು ಕೂತಿದ್ದವು. ಅಕ್ಕ ಮೇಲಿನ ಸಾಲಿನಿಂದ ಒಂದು ಡಬ್ಬಿ ತೆಗೆದು ಕೊಟ್ಟಳು. ಒಳಗೆ ಗುಲಾಬಿ ಬಣ್ಣದ ಮೊಹರು.

ದಫೇದಾರರು ಹೆಬ್ಬೆರಳಿನಿಂದ ಒತ್ತಿದರು. ಅದು ತಗ್ಗಿತು, ಮೆಲ್ಲಗೆ ಮತ್ತೆ ಉಬ್ಬಿತು. ಅವರ ನಾಲಿಗೆ ತಾನಾಗಿಯೇ ಮೇಲ್ದವಡೆಗೆ ಹೋಯಿತು. ಗೋಡೆಯ ಕಡೆ ತಿರುಗಿ ಬಾಯಿಂದ ಸೆಟ್ಟು ತೆಗೆದರು. ಹಿಂದೆ ಎರಡು ಸೆಟ್ಟು ವಸಡು ಕೊರೆದು ರಕ್ತ ಬರಿಸಿದ್ದವು. ಇದು ಬಂದ ಮೇಲೆ ನೆಮ್ಮದಿಯಾಗಿ ಉಣ್ಣುತ್ತಿದ್ದರು. ಒಳಮೈಗೆ ಹಚ್ಚಿದ್ದ ಮೆತ್ತನೆಯ ಪದರ ಒತ್ತಿ ನೋಡಿದರು. ಅದೇ ಬಣ್ಣ. ಅದೇ ಮೈ.

ಸೆಟ್ಟನ್ನು ಹಾಕಿಕೊಂಡು ಕೇಳಿದರು, "ಹೇಗೆ ಮಾಡ್ದೆ?"

"ಮಾಲೀಕ್ರು ಮೊಹರನ್ನ ಮೇಜಿನ ಮೇಲಿಟ್ಟು ಕೈ ತೊಳ್ಯೋಕೆ ಹೋದ್ರು. ಅಚ್ಚಿನ ಪುಡಿ ಕಲಸಿ ಒತ್ತಿದೆ. ಅದರೊಳಗೆ ಈ ಮೆತ್ತನೆ ವಸಡಿನ ಸಾಮಾನು ಕೂಡ್ಲೇ ಎರೀಬೇಕಿತ್ತು. ಇವರು ಬಂದು ಎದುರಿಗೇ ಕೂತುಬಿಟ್ರು. ಸಂಜೆವರೆಗೂ ಏಪ್ರನ್ ಜೇಬಲ್ಲೇ ಒಣಗಿ, ಅಚ್ಚು ಕುಗ್ಗಿತು. ಬಾಯಿಗಾಗಿದ್ರೆ ನಾನೇ ಬಿಸಾಕ್ತಿದ್ದೆ."

ದಫೇದಾರರು ಮಾಲೀಕನತ್ತ ತಿರುಗಿದರು. "ಈ ಮೆತ್ತನೆ ವಸಡು ನಿಮ್ಮಲ್ಲಿ ಯಾರು ಮಾಡ್ತಾರೆ?"

"ನಾನೇ. ಬೇರೆ ಯಾರಿಗೂ ಬರಲ್ಲ."

"ಹಾಗಾದ್ರೆ ಈ ಮೊಹರು ಮಾಡಿದ್ದೂ ನೀವೇ ಅಂತ ಬರೀಲಾ?"

ಮಾಲೀಕ ಬಾಯಿ ತೆರೆದ. ಕಪಾಟಿನ ದವಡೆಗಳಲ್ಲಿ ಅದೂ ಒಂದಾಯಿತು.

ಇನ್ಸ್‌ಪೆಕ್ಟರಮ್ಮ ಪಂಚನಾಮೆ ಹೇಳಿ ಬರೆಸತೊಡಗಿದರು: ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಯಾರಿಸುವ ಆರೋಪಿಯು ಅದೇ ಸಾಮಗ್ರಿಯಿಂದ... ಅಕ್ಕನ ಬಂಧನದ ಪತ್ರಕ್ಕೂ ಸಹಿಯಾಯಿತು.

"ಸ್ವಲ್ಪ ನಿಲ್ಲಿ ಮೇಡಂ." ಮಾಲೀಕ ಅಡ್ಡ ಬಂದ. ತಂತ್ರಜ್ಞೆಗೆ ಕಸ ಗುಡಿಸುವವಳ ಸಂಬಳ ಕೊಟ್ಟದ್ದು ಪೊಲೀಸ್ ದಾಖಲೆಗೆ ಸೇರಿ ಕಾರ್ಮಿಕ ಇಲಾಖೆಯ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಅವನಿಗೆ ಹೊಳೆದಿತ್ತು. ಡ್ರಾಯರಿನಿಂದ ಲೆಟರ್‌ಹೆಡ್ ಎಳೆದು, ಸರಸರ ಬರೆದು ಸಹಿ ಹಾಕಿ, ಸೊಂಟದಿಂದ ಮೊಹರು ಬಿಚ್ಚಿ ಕುಟ್ಟಿ, ಅಕ್ಕನ ಮುಂದಿಟ್ಟ. "ಹನ್ನೆರಡು ವರ್ಷ, ತಂತ್ರಜ್ಞೆ ಅಂತ್ಲೇ ಬರ್ದಿದೀನಿ. ದೂರೂ ವಾಪಸ್ ತಗೋತೀನಿ. ಗುಲಾಬಿದು ಯಾವುದೋ ಅಂಗಡಿದು ಅಂತ ಹೇಳಿಬಿಡು, ಸಾಕು."

ಇನ್ಸ್‌ಪೆಕ್ಟರಮ್ಮ, "ಅದನ್ನ ತೀರ್ಮಾನ ಮಾಡೋರು ನೀವಲ್ಲ," ಎಂದರು. ಆದರೂ ದಫೇದಾರರ ಪೆನ್ನು ನಿಂತಿತು. ನಕಲಿ ಪತ್ರ ಕೊಟ್ಟದ್ದಕ್ಕೆ ಆ ದೇಶ ಇನ್ನು ಐದು ವರ್ಷ ಈಕೆಯನ್ನು ಬಾಗಿಲಿಗೂ ಸೇರಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ದೇಶಗಳು ಬೇರೆ ಇಲ್ಲವೇ? ತಗೊಳ್ಳಮ್ಮ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡರು.

ಅಕ್ಕ ಪತ್ರವನ್ನು ಮುಟ್ಟಲಿಲ್ಲ. ಒಳಬಾಗಿಲಲ್ಲಿ ಮೂವರು ಹುಡುಗಿಯರು ನಿಂತಿದ್ದರು. ಲೆಕ್ಕದಲ್ಲಿ ಅವರೂ ಕಸ ಗುಡಿಸುವವರು. ಮೂವರ ಕೈಯೂ ಪ್ಲಾಸ್ಟರಿನಿಂದ ಬಿಳಿಯಾಗಿತ್ತು.

"ಇವರಿಗೂ ಬರ್ಕೊಡ್ತೀರಾ?"

"ಇವರ ಮಾತು ಈಗ್ಯಾಕೆ? ನಿಂದು ನೀನು ನೋಡ್ಕೋ."

ಅಕ್ಕ ಪತ್ರವನ್ನು ಒಂದು ಬೆರಳಿನಿಂದ ಅವನ ಕಡೆಗೇ ತಳ್ಳಿದಳು.

"ನಂಗೆ ಬೇಡ. ಬರ್ಕೊಳ್ಳಿ ದಫೇದಾರ್ರೇ, ನಾನೇ ಮಾಡಿದ್ದು."