ಕನ್ನಡಿಯ ಮುಂದೆ ಕಟ್ಟಿದ ಕೇಕು

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಜೇನುಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ವರ್ಷಕ್ಕೊಮ್ಮೆ ಕೇಕು ಸಿಂಗರಿಸುವ ಪಂದ್ಯ ನಡೆಯುತ್ತಿತ್ತು. ಕಾಳಮೇಘನೆಂಬ ಮಾಂತ್ರಿಕ ಅರಮನೆಯಲ್ಲೂ ಊರೂರಿನ ಚೌಕದಲ್ಲೂ ಮಾಯಾಗನ್ನಡಿ ನಿಲ್ಲಿಸಿದ್ದ. ಪಂದ್ಯವೆಲ್ಲ ಅದರಲ್ಲಿ ಕಾಣುತ್ತಿತ್ತು. ಹೆದರಿ ಅರ್ಧಕ್ಕೇ ಕೈಬಿಟ್ಟವರನ್ನು ಅವನು ಸಕ್ಕರೆ ಬೊಂಬೆ ಮಾಡಿ ಅರಮನೆಯ ಗೋಡೆಯ ಗೂಡಿನಲ್ಲಿಡುತ್ತಿದ್ದ. ಯಾರಾದರೊಬ್ಬರು ಕೇಕು ಮುಗಿಸಿದರೆ ಬೊಂಬೆಗಳೆಲ್ಲ ಮತ್ತೆ ಮನುಷ್ಯರಾಗುವರೆಂಬ ಮಾತಿತ್ತು. ಆದರೆ ಯಾರೂ ಮುಗಿಸಿರಲಿಲ್ಲ.

ಆ ರಾಜ್ಯದಲ್ಲಿ ಚಂಪಕೆ ಎಂಬವಳಿದ್ದಳು. ಅವಳ ಕೈಯಲ್ಲಿ ಕೆನೆ ಹೂವಾಗಿ ಅರಳುತ್ತಿತ್ತು. ಅಂಥವಳೂ ಕನ್ನಡಿಯ ಮುಂದೆ ಬೆವತು, ಕೆನೆ ಹಿಂಡುವ ಚೀಲ ಕೆಳಗಿಟ್ಟು, ಬೊಂಬೆಯಾದಳು. ಅವಳ ಗಂಡ ಚೆಲುವಯ್ಯನಿಗೆ ಕೇಕು ಬೇಯಿಸುವುದಷ್ಟೇ ಗೊತ್ತಿತ್ತು. ಆದರೂ, "ಈ ಸಲ ನಾನು ಹೋಗ್ತೀನಿ" ಅಂದ.

ಅವನ ಅತ್ತೆ ಸಾವಂತ್ರಮ್ಮ ಕಣ್ಣೊರೆಸಿಕೊಂಡಳು. "ಹೂವು ಬಿಡಿಸೋದು ನನ್ನ ಮಗಳಿಗೂ ಬರ್ತಿತ್ತು ಅಳಿಯಂದ್ರೇ. ನೂರು ಜನ ನೋಡ್ತಿರುವಾಗ ಕೈ ನಿಲ್ಲಿಸದೆ ಇರೋದನ್ನ ಕಲೀರಿ ನೀವು."

ಮರುದಿನವೇ ಅವಳು ಬೀದಿಯವರನ್ನೆಲ್ಲ ಅಡುಗೆಮನೆಗೆ ಕರೆತಂದು ಕೂರಿಸಿದಳು. ಅವರು ಮಾತಿಲ್ಲದೆ ಅವನ ಕೈಯನ್ನೇ ನೋಡಿದರು. ಚೆಲುವಯ್ಯನ ಬೆರಳು ನಡುಗಿ, ಕೇಕಿನ ಮೇಲೆ ಬಿಡಿಸುತ್ತಿದ್ದ ಕೆನೆಯ ಬಳ್ಳಿ ಸೊಟ್ಟಗಾಯಿತು.

"ಕೈ ನಡುಗ್ತಿದೆ ಅತ್ತೆ!"

"ನಡುಗಲಿ. ಬಳ್ಳಿ ಮುಂದಕ್ಕೆ ಹೋಗ್ಲಿ."

ಆಮೇಲೆ ತಮಟೆ ಬಡಿಸಿದಳು. "ಹೊತ್ತಾಯ್ತು, ಹೊತ್ತಾಯ್ತು" ಎಂದು ಜನರಿಂದ ಕೂಗಿಸಿದಳು. ಬೇಸಗೆ ಕಳೆಯುವ ಹೊತ್ತಿಗೆ ಅವನ ನಡುಕ ಹೋಗಿರಲಿಲ್ಲ. ಆದರೆ ನಡುಗುತ್ತಲೇ ಕೆಲಸ ಮಾಡುವುದು ಅವನಿಗೆ ರೂಢಿಯಾಗಿತ್ತು.

ಪಂದ್ಯದ ದಿನ ಬಂತು. ಅವನು ಕೇಕಿನ ಅರಮನೆ ಕಟ್ಟತೊಡಗಿದ. ಮೊದಲು ಕನ್ನಡಿಯಲ್ಲಿ ಸಾವಿರ ಕಣ್ಣುಗಳು ತೆರೆದವು. ಚೆಲುವಯ್ಯ ತಲೆ ತಗ್ಗಿಸಿ ಗೋಡೆ ಎಬ್ಬಿಸಿದ. ಎರಡನೆಯದಾಗಿ ಮನುಷ್ಯರಂತೆ ಮಾತಾಡುವ ಕಾಗೆಯೊಂದು, "ಹೊತ್ತು ಮುಗೀತು, ಚೀಲ ಇಡು!" ಎಂದು ಸುಳ್ಳು ಕೂಗಿತು. ಅವನು ಗೋಪುರ ಏರಿಸಿದ. ಮೂರನೆಯದಾಗಿ ಹೊಗೆಯ ಸಿಂಹವೊಂದು ಬಂದು ಬಿಸಿಯುಸಿರು ಬಿಟ್ಟಿತು. ಗೋಪುರ ಕರಗಿ, ಅರಮನೆ ಕುಸಿದು, ಗುಡ್ಡೆಯಾಯಿತು.

ಇದಕ್ಕೆ ಅತ್ತೆ ಏನೂ ಹೇಳಿಕೊಟ್ಟಿರಲಿಲ್ಲ. ಓಡಿಹೋಗೋಣ ಅನ್ನಿಸಿತು ಅವನಿಗೆ. ತಲೆಯೆತ್ತಿದರೆ ಗೂಡಿನಲ್ಲಿ ಚಂಪಕೆ ಬೆಳ್ಳಗೆ ನಿಂತಿದ್ದಳು. ಅವನು ಬಿದ್ದ ಗುಡ್ಡೆಯನ್ನು ಅಂಗೈಯಿಂದ ಒತ್ತಿ, ಅದರ ಮೇಲೆ ದಾರಿ ಕೊರೆದು ಬಳ್ಳಿ ಹಬ್ಬಿಸಿದ. ತುದಿಗೊಂದು ಹೂವಿಟ್ಟು ಹಿಂದೆ ಸರಿದ.

"ಎಲ್ಲಯ್ಯಾ ನಿನ್ನ ಅರಮನೆ?" ಎಂದು ಕಾಳಮೇಘ ನಕ್ಕ.

"ಬಿತ್ತು ಸ್ವಾಮಿ. ಈಗ ಇದು ಬೆಟ್ಟ. ಮುಗಿದಿದೆ."

ಊರೂರಿನಲ್ಲಿ ಚಪ್ಪಾಳೆ ಎದ್ದಿತು. ಆ ಸದ್ದಿಗೆ ಕನ್ನಡಿಗಳೆಲ್ಲ ಒಡೆದವು. ಸಿಂಹ ಗಾಳಿಯಲ್ಲಿ ಕರಗಿತು. ಕಾಳಮೇಘ ಹಿಡಿ ಬೂದಿಯಾದ.

ಬೊಂಬೆಗಳೆಲ್ಲ ಮನುಷ್ಯರಾಗಿ ಒಬ್ಬೊಬ್ಬರೇ ಗೂಡಿನಿಂದ ಇಳಿದರು. ಚಂಪಕೆ ನೇರವಾಗಿ ಕೇಕಿನ ಬಳಿ ಬಂದಳು.

"ಈ ಬಳ್ಳಿ ಸೊಟ್ಟಗಿದೆಯಲ್ಲ ರೀ?"

"ಕೈ ನಡುಗ್ತಿತ್ತು."

"ನಂಗೂ ನಡುಗಿತ್ತು" ಎಂದು ಅವಳು ಅವನ ಕೈ ಹಿಡಿದುಕೊಂಡಳು.

ವರ್ಷಗಟ್ಟಲೆ ಉಪವಾಸವಿದ್ದವರಿಗೆ ಹಸಿವೋ ಹಸಿವು. ರಾಜ ಬಹುಮಾನ ಹಿಡಿದು ಬರುವಷ್ಟರಲ್ಲಿ ಬೆಟ್ಟ ಪೂರ್ತಿ ಖಾಲಿ. ರಾಜನೂ ತಟ್ಟೆಯ ಅಂಚಿನ ಕೆನೆಯನ್ನು ಬೆರಳಲ್ಲಿ ಬಳಿದು ತಿಂದು, ಅವರ ನಡುವೆಯೇ ಕೂತ. ಅಂದಿನಿಂದ ಜೇನುಗಿರಿಯಲ್ಲಿ ಎಲ್ಲರೂ ನಗುನಗುತ್ತ ಬಾಳಿದರು.