ಲ್ಯಾಪ್‌ಟಾಪ್ ಎದ್ದ ಶನಿವಾರ

"ಅಯ್ಯೋ, ಬ್ಯಾಟರಿ ತೆಗೀಬೇಡ್ರೀ!"

ಆಶಾರಾಣಿ ಕೂಗಿದ ರಭಸಕ್ಕೆ ಚಲಪತಿಯ ಕೈ ಅಲ್ಲೇ ನಿಂತಿತು.

ಚಲಪತಿ ರಿಪೇರಿ ಮಾಡುತ್ತಿದ್ದ ಚಿಂತಾಮಣಿಯ ಆ ಕಂಪ್ಯೂಟರ್ ಅಂಗಡಿಗೆ ಅವಳು ಬಂದಿದ್ದು ಅದೇ ಮೊದಲು. ಸಾದಲಿಯ ಸುತ್ತ ರೇಷ್ಮೆಹುಳು ಸಾಕುವ ಹೆಂಗಸರ ಕಷ್ಟಸುಖ ಬರೆದುಕೊಳ್ಳುವುದು ಅವಳ ಕೆಲಸ. ಅವಳು ಕೆಲಸಕ್ಕಿದ್ದ ಸಂಸ್ಥೆ ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇತ್ತು. ಮುಚ್ಚಳ ಮುಚ್ಚಿದರೆ ಮಲಗುತ್ತಿತ್ತು. ತೆರೆದರೆ ಪರದೆ ಬರೀ ಕಪ್ಪು!

"ಬೆಳಗ್ಗೆಯಿಂದ ಬರ್ದಿದ್ದು ಸೇವ್ ಮಾಡಿಲ್ಲ... ಚಿಕ್ಕವೆಂಕಟಮ್ಮ ಅಂತ ಒಬ್ರು, ಯಾರಿಗೂ ಹೇಳ್ದೇ ಇದ್ದಿದ್ದನ್ನ ನಂಗೆ ಹೇಳಿದ್ರು. ಮತ್ತೆ ಹೆಂಗೆ ಕೇಳ್ಲಿ?"

ಚಲಪತಿ ಬಗ್ಗಿ ಲ್ಯಾಪ್‌ಟಾಪಿಗೆ ಕಿವಿಗೊಟ್ಟ. "ಒಳಗೆ ಎಚ್ಚರವಾಗೇ ಇದೆ ಮೇಡಂ. ಪರದೆ ಮಾತ್ರ ಎದ್ದಿಲ್ಲ."

ತನ್ನ ಮಾನಿಟರಿನ ತಂತಿ ತಂದು ಸಿಕ್ಕಿಸಿದ. ಅವಳ ಅಕ್ಷರಗಳೆಲ್ಲ ಅಲ್ಲಿ ಮೂಡಿದವು! ಆದರೆ ಅವನು ಒಂದು ಸಾಲನ್ನೂ ಓದಲಿಲ್ಲ. ಬೀದಿಯ ಕಡೆ ಮುಖ ತಿರುಗಿಸಿ ನಿಂತ.

"ಅವರು ನಿಮಗೆ ಹೇಳಿದ್ದು. ನೀವೇ ಸೇವ್ ಮಾಡ್ಕೊಳ್ಳಿ."

ಆಶಾಳ ಮನಸ್ಸು ಅಲ್ಲೇ ಸೋತಿತು.

ಆಮೇಲೆ ಪ್ರತಿ ಶನಿವಾರ ಲ್ಯಾಪ್‌ಟಾಪ್ ಹಿಡಿದು ತನ್ನೂರು ಶಿಡ್ಲಘಟ್ಟದಿಂದ ಚಿಂತಾಮಣಿಯ ಬಸ್ಸು ಹತ್ತಿದಳು. ಪರದೆ ಏಳಿಸುವುದಕ್ಕೇ ಎರಡು ವಾರ ಹಿಡಿಯಿತು. ಹಳ್ಳಿಯಲ್ಲಿ ಬ್ಯಾಟರಿ ಪೂರ್ತಿ ಮುಗಿದರೂ ಬರಹ ಉಳಿಯಬೇಕಾದರೆ ಅದು ಹೈಬರ್ನೇಟ್ ಆಗಬೇಕು, ಅಂದರೆ ತೆರೆದಿದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮಲಗಬೇಕು. ಅದಕ್ಕೆ ಡಿಸ್ಕಿನಲ್ಲಿ ಬೇರೆ ಜಾಗ ಮಾಡಬೇಕು. ಚಲಪತಿ ಇಂಟರ್ನೆಟ್ಟಿನಲ್ಲಿ ಯಾವ ಯಾವ ದೇಶದವರನ್ನೋ ಕೇಳಿ ಮಾಡುತ್ತಿದ್ದ, ಕೆಟ್ಟರೆ ನಗುತ್ತಿದ್ದ.

'ಇದು ಸರಿಹೋಗಿಬಿಟ್ಟರೆ... ನಾನು ಯಾವ ನೆಪದಲ್ಲಿ ಬರಲಿ?'

ಒಂದು ಶನಿವಾರ ಹೊರಡುವ ಅವಸರದಲ್ಲಿ ಹೇಳಿದಳು, "ನಾಳೆ ಗೌರಿಬಿದನೂರಿನಿಂದ ಗಂಡಿನ ಕಡೆಯವ್ರು ಬರ್ತಿದ್ದಾರೆ. ಲ್ಯಾಪ್‌ಟಾಪ್ ಇಲ್ಲೇ ಇರ್ಲಿ."

ಚಲಪತಿ ತಲೆ ಎತ್ತಲಿಲ್ಲ. "ಹಂಗಾದ್ರೆ ಬೇಗ ಮುಗಿಸ್ತೀನಿ."

ಮುಂದಿನ ವಾರ ಅಂಗಡಿಯಲ್ಲಿದ್ದುದು ಅವನ ಜೊತೆಗಾರ ವೆಂಕಟೇಶ್ ಒಬ್ಬನೇ. ಅವನು ಕೊಟ್ಟ ಬ್ಯಾಗಿನಲ್ಲಿ ಒಂದು ಚೀಟಿ ಇತ್ತು: 'ಎಲ್ಲ ಸರಿಯಾಗಿದೆ. ಇನ್ನು ನೀವು ಬರುವ ಅಗತ್ಯವಿಲ್ಲ.'

ಲ್ಯಾಪ್‌ಟಾಪ್ ತೆರೆದಳು. ಪರದೆ ಬೆಳಗಿತು. ಹೋದ ವಾರ ಅರ್ಧಕ್ಕೆ ಬಿಟ್ಟಿದ್ದ ಸಾಲು ಹಾಗೇ ಕಾದಿತ್ತು. ಖುಷಿಪಡಬೇಕಾದವಳು ಚೀಟಿಯನ್ನೇ ಮತ್ತೆ ಓದಿದಳು... ಅಷ್ಟೇನಾ? ನಾನು ಬರೀ ಗಿರಾಕಿನಾ?

"ಚಲಪತಿ ಎಲ್ಲಿ?"

"ಎದುರುಗಡೆ ಟೀ ಅಂಗಡೀಲಿ ಕೂತವ್ನೆ," ಎಂದ ವೆಂಕಟೇಶ್. "ನೀವು ಹೋಗೋವರ್ಗೂ ಬರಲ್ವಂತೆ!"

ಅವಳು ರಸ್ತೆ ದಾಟಿ ಅವನ ಮುಂದೆ ಚೀಟಿ ಹಿಡಿದಳು.

"ಏನ್ರೀ ಇದು? ನಾನೇನು ತಪ್ಪು ಮಾಡ್ದೆ?"

ಅವನು ಗ್ಲಾಸು ಕೆಳಗಿಟ್ಟ. "ತಪ್ಪು ನಂದು. ಮದ್ವೆ ನಿಕ್ಕಿಯಾದೋರ ಮೇಲೆ ಆಸೆ ಇಟ್ಕೊಂಡೆ. ಎದುರಿಗೆ ಬಂದ್ರೆ ನನ್ನ ಮುಖ ನೋಡಿ ನಿಮಗೆ ಗೊತ್ತಾಗ್ಬಿಡ್ತಿತ್ತು..."

"ಯಾರ ಮದ್ವೆ? ಅವ್ರು ಬಂದಿದ್ದು ನಮ್ಮಕ್ಕ ಬಿಂದುಶ್ರೀನ ನೋಡಕ್ಕೆ! ಒಪ್ಕೊಂಡೂ ಹೋದ್ರು!"

ಚಲಪತಿ ಚೀಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಶಾಳಿಗೆ ನಗುವೂ ಬಂತು, ಅಳುವೂ ಬಂತು.

"ಒಂದು ಮಾತು ಕೇಳಕ್ಕೇನಾಗಿತ್ತು ನಿಮಗೆ?"

"ನಿಮ್ಮದೇ ಮದ್ವೆನಾ ಅಂತ ಕೇಳಿ, ನೀವು ಹೂಂ ಅಂದ್ಬಿಟ್ರೆ ಅನ್ನೋ ಭಯ."

"ಈಗ ಕೇಳಿ."

ಅವನು ಎದ್ದು ನಿಂತ. "ಅಕ್ಕನ ಮದ್ವೆ ಮುಗಿದ ಮೇಲೆ... ನಿಮ್ಮ ಅಪ್ಪನ್ನ ಕಾಣಕ್ಕೆ ಬರ್ಲಾ, ಆಶಾ?"

ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಅವಳು ಚೀಟಿಯನ್ನು ಹರಿದು ಅವನ ಅಂಗೈಯಲ್ಲಿಟ್ಟಳು.

"ಮುಗಿಯೋವರ್ಗೂ ಯಾಕೆ ಕಾಯ್ತೀರಾ? ಮದ್ವೆಗೇ ಬನ್ನಿ. ಅಪ್ಪ ಬಾಗಿಲಲ್ಲೇ ನಿಂತಿರ್ತಾರೆ."