ಹೊರಗಿನವರ ಬಣ

"ಆ ಪುಟ ಬಿಚ್ಚಬ್ಯಾಡ್ರಿ," ಎಂದಳು ಕಹಕಶಾನ್.

ಬಿಚ್ಚಬೇಡ ಎಂದದ್ದನ್ನು ಬಿಚ್ಚುವುದೇ ಬಸವಪ್ರಸಾದನ ಜಾಯಮಾನ. ಉಗುರು ತೂರಿಸಿ ಮೂರು ಸ್ಟೇಪ್ಲರ್ ಪಿನ್ನುಗಳನ್ನೂ ಕಿತ್ತು ಮೇಜಿನ ಮೇಲೆ ಸಾಲಾಗಿ ಇಟ್ಟ. ಮಾನ್ವಿಯಲ್ಲಿ ಅಕ್ಕಿ ಮಿಲ್ಲು, ಜೇಬಿನಲ್ಲಿ ಇಂಜಿನಿಯರಿಂಗ್ ಪದವಿ. ಜಗತ್ತಿನಲ್ಲಿ ತನಗೊಬ್ಬನಿಗೇ ಬುದ್ಧಿ ಹಂಚಿಕೆಯಾಗಿದೆ ಎಂಬ ನಂಬಿಕೆ. ಇಂಥವರಿಗೆ ಯಾರು ಹೇಳಬೇಕು!

ರಾಯಚೂರಿನ ತೀನ್ ಕಂದೀಲ್ ಹಿಂದಿನ ಗಲ್ಲಿಯಲ್ಲಿ ಬುರ್ಹಾನುದ್ದೀನನ ಝೆರಾಕ್ಸ್ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಅವನೂ ತಂಗಿ ಕಹಕಶಾನಳೂ ಒಂದು ಆಟ ಆಡುತ್ತಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕಹಕಶಾನ್ ತಾನೇ ಕಟ್ಟಿದ ಆಟ. ಅದಕ್ಕೆ ಪಟವಿಲ್ಲ, ಕಾಯಿಗಳಿಲ್ಲ. ಆಡುವವರು ತಲಾ ಒಂದು ಪಾತ್ರ ಕಟ್ಟಿಕೊಂಡು ಅವಳು ಹೇಳುವ ಕತೆಯೊಳಗೆ ಇಳಿಯಬೇಕು. ಗೋಡೆ ಹತ್ತುತ್ತೇನೆ, ಕುದುರೆ ಕದಿಯುತ್ತೇನೆ ಎಂದರೆ ದಾಳ ಉರುಳಿಸಬೇಕು. ದಾಳ ಒಪ್ಪಿದರೆ ಸರಿ, ಇಲ್ಲದಿದ್ದರೆ ಬಿದ್ದು ಕಾಲು ಮುರಿದುಕೊಳ್ಳಬೇಕು. ಕಾಲೇಜು ದಿನಗಳ ಗೆಳೆಯನೆಂದು ಬುರ್ಹಾನುದ್ದೀನ್ ಅಂದು ಮೊದಲ ಸಲ ಬಸವಪ್ರಸಾದನನ್ನು ಕರೆದುತಂದಿದ್ದ.

ಕತೆ ಎರಡು ಹೊಳೆಗಳ ನಡುವಿನ ನಾಡಿನದು, ಒಂದು ಕೋಟೆ ಬಿದ್ದ ಕಾಲದ್ದು. ಪ್ರತಿ ಪಾತ್ರವೂ ಒಂದು ಬಣ ಸೇರಲೇಬೇಕು. ಕೋಟೆಯವರಿಗೆ ಕತ್ತಿ, ಕುದುರೆ. ಆದರೆ ಹೇಳಿದ ಮಾತು ಕೇಳಬೇಕು. ಹರಗೋಲಿನವರು ಎಂಥ ಪ್ರವಾಹವಿದ್ದರೂ ಹೊಳೆ ದಾಟಬಲ್ಲರು. ಸಂತೆಯವರಿಗೆ ಎಲ್ಲರ ಗುಟ್ಟೂ ಗೊತ್ತು. ಇವು ಮೂರು. ನಾಲ್ಕನೆಯದು ಪಿನ್ನು ಹೊಡೆದ ಪುಟದಲ್ಲಿತ್ತು.

"ಹೊರಗಿನವರು," ಎಂದು ಬಸವಪ್ರಸಾದ ಜೋರಾಗಿ ಓದಿದ. "ಯಾವ ಕಾವಲುಗಾರನೂ ಇವರನ್ನು ತಡೆಯುವುದಿಲ್ಲ. ಯಾವ ಬೀಗವೂ ನಿಲ್ಲುವುದಿಲ್ಲ. ಇವರ ಮುಖ ಯಾರಿಗೂ ನೆನಪಿರುವುದಿಲ್ಲ. ಕೊಡಬೇಕಾದ್ದು: ಮನೆ." ತಲೆ ಎತ್ತಿ ನಕ್ಕ. "ಇಷ್ಟೇನಾ? ನನ್ನ ಪಾತ್ರಕ್ಕ ಮನೀನ ಇಲ್ಲಲ್ಲ! ಇದನ್ನ ಬಿಟ್ಟು ಉಳದದ್ದು ಯಾವ ಹುಚ್ಚ ತಗೋತಾನ?"

"ಅದು ನಾ ಕಟ್ಟಿದ್ದಲ್ಲ ಭಾಯ್. ದೇವದುರ್ಗದಾಗ ನಮ್ಮ ಅಜ್ಜಿ ಮುನವ್ವರ್ ಬೀ ಹೇಳಿದ್ದು. ಕೋಟಿ ಮುತ್ತಿದಾಗ ಒಂದಿಷ್ಟು ಮಂದಿ ಹೆಂಡ್ತಿ ಮಕ್ಕಳನ್ನ ಒಳಗ ಬಿಟ್ಟು, ತಾವಷ್ಟ ಜೀವಾ ಉಳಿಸಿಕೊಂಡು ಹೊರಬಿದ್ರಂತ. ಒಳಗ ಸಾಯೋ ಹೆಂಗಸರು ಮಣ್ಣು ತೂರಿ ಶಾಪ ಹಾಕಿದ್ರು, ನಿಮ್ಮನ್ನ ನಮ್ಮವರು ಅನ್ನೋರು ಯಾರೂ ಇರಬಾರದು ಅಂತ. ಅವರು ಇನ್ನಾ ಅದಾರ. ಆಟದಾಗ ಚಂದ ಆಕ್ಕದ ಅಂತ ಬರದೆ. ತಪ್ಪಾತು."

ಅವಳು ಫೈಲಿನಿಂದ ಒಂದು ಹಾಳೆ ತೆಗೆದು ಅವನ ಮುಂದೆ ಇಟ್ಟಳು. ಪೆನ್ಸಿಲಿನ ದುಂಡು ಅಕ್ಷರ. ‘ಅಂಬರೇಶ, ಅರಕೇರಾ. ಬಣ: ಹೊರಗಿನವರು.’

"ಇದು ನಮ್ಮ ಕಾಗದ, ನಮ್ಮ ಪೆನ್ಸಿಲ್. ಬಾಜೂಕ ನಾನ ಬರದದ್ದು, ಆರು ತಿಂಗಳ ಆಟದ ಟಿಪ್ಪಣಿ. ಈ ಮನಷಾ ಯಾರಂತ ನಮ್ಮಿಬ್ಬರಿಗೂ ಗೊತ್ತಿಲ್ಲ."

ಬುರ್ಹಾನುದ್ದೀನ್ ತಲೆ ತಗ್ಗಿಸಿ ಕುಳಿತಿದ್ದ.

"ಹಂಗಾದ್ರ ಹರದು ಒಗೀಬೇಕಿಲ್ಲ?" ಎಂದು ಬಸವಪ್ರಸಾದ ಕೇಳಿದ.

"ಅಂವ ಇದ್ದ ಅನ್ನಾಕ ಇದೊಂದ ಉಳದದ. ಹೆಂಗ ಹರೀಲಿ?"

"ಭಾರೀ ನಾಟಕ ಮಾಡ್ತೀರಿ ಬಿಡ್ರಿ ಮೇಡಂ," ಎಂದ ಬಸವಪ್ರಸಾದ. ಹೊಸಬರನ್ನು ಹೆದರಿಸಲು ಹೂಡಿದ ಹೂಟ ಎಂದೇ ಅವನ ಲೆಕ್ಕ. ಅದಕ್ಕೆ ತಕ್ಕ ಉತ್ತರ ಕೊಡಬೇಕೆನಿಸಿತು. ತನ್ನ ಪಾತ್ರದ ಹಾಳೆಯ ಮೇಲೆ ತನ್ನದೇ ಹೆಸರು, ಊರು, ಬಣ ಗೀಚಿದ. ಅಂಗಿಯ ಜೇಬಿನಿಂದ ಮಡಿಸಿದ ಕಾಗದದ ಪುಡಿಕೆ ತೆಗೆದ. ದೇವಸುಗೂರಿನ ಸೂಗೂರೇಶ್ವರನ ವಿಭೂತಿ. ಮಗ ಊರು ಬಿಟ್ಟು ಹೊರಟಾಗಲೆಲ್ಲ ತಾಯಿ ಬಸವಂತಮ್ಮ ಅದನ್ನು ಕಣ್ಣಿಗೊತ್ತಿ ಜೇಬಿಗೆ ಹಾಕಿ ಕಳಿಸುತ್ತಿದ್ದಳು. ಅವನು ಒಮ್ಮೆಯೂ ಹಣೆಗೆ ಹಚ್ಚಿಕೊಂಡವನಲ್ಲ. ಈಗ ಮೂರು ಬೆರಳಲ್ಲಿ ತೆಗೆದು ಅಗಲಕ್ಕೆ ಬಳಿದುಕೊಂಡು, ಎದ್ದು ನಿಂತು, ಕೈ ಮುಂದೆ ಚಾಚಿದ.

"ಆಣಿ ಅಂದ್ರ ಹಿಂಗಿರಬೇಕು ನೋಡ್ರಿ. ನಾನು ಮಾನ್ವಿ ಬಸವಪ್ರಸಾದ, ಹೊರಗಿನವರ ಬಣ ಸೇರೀನಿ. ನನ್ನ ಮನಿ ಕೊಟ್ಟೀನಿ!"

"ಪಾತ್ರದ ಹೆಸರು ಹೇಳ್ರಿ! ನಿಮ್ಮ ಹೆಸರು ಬ್ಯಾಡ!" ಕಹಕಶಾನ್ ಅವನ ಬಾಯಿ ಮುಚ್ಚಲು ಎದ್ದಳು. ಅಷ್ಟರಲ್ಲಿ ಮಾತು ಮುಗಿದುಹೋಗಿತ್ತು.

ಫ್ಯಾನು ನಿಂತಿತು. ಕಿಟಕಿಯಾಚೆ ಬಿಸಿಲಿತ್ತು, ಆದರೂ ಕೋಣೆಯ ಮೂಲೆಗಳು ಕಪ್ಪಾದವು. ಎಲ್ಲಿಂದಲೋ ಒದ್ದೆ ಬೂದಿಯ ವಾಸನೆ ಬಂತು, ಉರಿಯುವ ಒಲೆಗೆ ನೀರು ಸುರಿದಂಥ ವಾಸನೆ. ಮೆಟ್ಟಿಲ ಮೇಲೆ ಬರಿಗಾಲಿನ ಸಪ್ಪಳ ಕೇಳಿತು. ಒಬ್ಬರದಲ್ಲ, ಹಲವರದು. ಅದು ಬಾಗಿಲ ತನಕ ಬಂದು ನಿಂತುಬಿಟ್ಟಿತು.

"ಕರೆಂಟಿನವರನ್ನೂ ನಿಮ್ಮ ಆಟಕ್ಕ ಸೇರಿಸಿಕೊಂಡೀರೇನ್ರಿ?" ಎಂದು ಅವನು ನಕ್ಕ.

ರಾತ್ರಿ ತಡವಾಗಿ ಮಾನ್ವಿ ತಲುಪಿ ಮಿಲ್ಲಿನ ಮುಂದೆ ಕಾರು ನಿಲ್ಲಿಸಿದ. ಕಾವಲುಗಾರ ಗಡಿಗೆಪ್ಪ ಗೇಟಿನೊಳಗಿಂದ ಇಣುಕಿದ. ಚಿಕ್ಕಂದಿನಲ್ಲಿ ಇವನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮುದುಕ.

"ಯಾರು ಬೇಕಾಗಿತ್ರೀ?"

"ಕಣ್ಣಾಗ ಪೊರಿ ಬಂದದೇನೋ ಗಡಿಗೆಪ್ಪಾ? ನಾನು!"

"ನೀವಂದ್ರ ಯಾರ್ರೀ?"

ಸಿಟ್ಟಿನಿಂದ ಗೇಟಿಗೆ ಕೈ ಹಚ್ಚಿದ. ಒಳಗಡೆ ಜಡಿದಿದ್ದ ಹಿತ್ತಾಳೆ ಬೀಗ ಕಳಚಿ ಠಣ್ ಎಂದು ನೆಲಕ್ಕೆ ಬಿತ್ತು. ಗಡಿಗೆಪ್ಪ ಅದನ್ನು ಎತ್ತಿಕೊಂಡು, ಎದುರಿಗೆ ಯಾರೂ ನಿಂತೇ ಇಲ್ಲವೆಂಬಂತೆ, ಗೊಣಗುತ್ತ ತನ್ನ ಕಟ್ಟೆಗೆ ಹೋಗಿ ಕುಳಿತ. ಮುದುಕನಿಗೆ ಅರಳುಮರಳು ಎಂದುಕೊಂಡ ಬಸವಪ್ರಸಾದ. ಕಾರನ್ನು ಮನೆಯ ಕಡೆ ತಿರುಗಿಸಿದ.

ಮನೆಯವರೆಲ್ಲ ಆಗಲೇ ಮಲಗಿದ್ದರು. ಬಾಗಿಲು ತಾನಾಗಿ ತೆರೆಯಿತು. ಸದ್ದಿಲ್ಲದೆ ಒಳಹೋಗಿ ಪಡಸಾಲೆಯ ದಿವಾನದ ಮೇಲೆ ಒರಗಿದ.

ಬೆಳಿಗ್ಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ತಾಯಿ ಅಡುಗೆಮನೆಯಿಂದ ಹೊರಗೆ ಬಂದಳು, ಕೈತುಂಬ ಜೋಳದ ಹಿಟ್ಟು. ಅವನನ್ನು ನೋಡಿ ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೆತ್ತ ಮಗನ ಮುಂದೆ ಯಾವ ತಾಯಿ ಸೆರಗು ಎಳೆದುಕೊಳ್ಳುತ್ತಾಳೆ?

"ಅಕ್ಕಿ ತಗೊಳ್ಳಾಕ ಬಂದೀರೇನ್ರಿ? ಮಿಲ್ಲಿಗಿ ಹೋಗ್ರಿ. ಹಿಂಗ ಮನಿ ಒಳಗ ಬರೂದಾ?"

"ಯವ್ವಾ, ನಾನು ಬೇ. ಪ್ರಸಾದ."

"ಶೈಲಜಾ, ಬಾ ಇಲ್ಲೆ! ಯಾರೋ ಒಳಗ ಹೊಕ್ಕಾನ!"

ಹೆಂಡತಿ ಶೈಲಜಾ ಓಡಿಬಂದು ಅವನ ಮುಖ ನೋಡಿ ಚೀರಿದಳು. ಎಂಟು ವರ್ಷ ಸಂಸಾರ ಮಾಡಿದ ಹೆಂಗಸು. ಅವಳ ಕಣ್ಣಲ್ಲಿ ಹೆದರಿಕೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಅವಳ ಹಿಂದಿನಿಂದ ಐದು ವರ್ಷದ ಮಗಳು ನೀಲಾ ನುಸುಳಿ ಬಂದು ಅವನ ಕಾಲು ತಬ್ಬಿಕೊಂಡಳು. "ಅಪ್ಪಾ! ಅಮ್ಮ ಯಾಕ ಒದರ್ತಾಳ?"

ಶೈಲಜಾ ಮಗುವನ್ನು ಕಿತ್ತುಕೊಂಡು ಒಳಗೆ ಓಡಿದಳು. ಓಣಿಯವರು ಕೋಲು ಹಿಡಿದು ಬಂದರು. ಬಸವಪ್ರಸಾದ ಓಡಿದ. ಹತ್ತು ಹೆಜ್ಜೆಗೇ ಅವರೆಲ್ಲ ನಿಂತರು. ಯಾರನ್ನು ಅಟ್ಟಿಕೊಂಡು ಬಂದೆವೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂತಿರುಗಿದರು.

ರಾಯಚೂರಿನ ಅಂಗಡಿಯಲ್ಲಿ ಬುರ್ಹಾನುದ್ದೀನ್ ತಲೆ ಎತ್ತಿ, "ಎಷ್ಟು ಕಾಪಿ ಸರ್?" ಎಂದು ಕೇಳಿದ.

ಮೇಲಿನ ಕೋಣೆಯಲ್ಲಿ ಕಹಕಶಾನಳಿಗೂ ಅವನ ಗುರುತು ಹತ್ತಲಿಲ್ಲ. ಆದರೆ ಮೇಜಿನ ಮೇಲೆ ಅವನ ಹಾಳೆ ಬಿದ್ದಿತ್ತು. ಅವಳು ಅದನ್ನು ಓದಿದಳು. ಅವನ ಹಣೆಯ ಮೇಲೆ ಇನ್ನೂ ಅಳಿಸದ ಬೂದಿಗೆರೆ ನೋಡಿದಳು.

"ಯಾ ಅಲ್ಲಾ. ನಿಮ್ಮನ್ನ ನಾ ನೋಡಿಲ್ಲ. ಆದ್ರ ಕಾಗದ ಸುಳ್ಳು ಹೇಳಂಗಿಲ್ಲ. ನಮ್ಮ ಅಜ್ಜಿ ಕಡಿ ಹೋಗ್ರಿ. ಜಲ್ದಿ ಹೋಗ್ರಿ."

ದೇವದುರ್ಗದಲ್ಲಿ, ಅಂಗಳದ ಬೇವಿನ ನೆರಳಿನಲ್ಲಿ, ಮುನವ್ವರ್ ಬೀ ಮಣೆಯ ಮೇಲೆ ಶಾವಿಗೆ ಹೊಸೆಯುತ್ತಿದ್ದಳು. ಹೆಜ್ಜೆ ಸಪ್ಪಳದ ಜೊತೆ ಒದ್ದೆ ಬೂದಿಯ ವಾಸನೆ ಬಂದದ್ದೇ ಮುಖ ತಿರುಗಿಸಿಕೊಂಡಳು.

"ಮಾರಿ ತೋರಿಸಬ್ಯಾಡ. ನೋಡಿದ್ರ ಮರೀತೀನಿ. ಹಿಂದ ಕುಂತು ಹೇಳು."

ಅವನು ಹೇಳಿದ. ನಡುನಡುವೆ ಅತ್ತ. ಮುದುಕಿಯ ಬೆರಳುಗಳು ನಿಂತವು.

"ಎಂಥಾ ಖೋಡಿ ಕೆಲಸಾ ಮಾಡಿಕೊಂಡಿ ಮಗಾ! ಬರೇ ಬಾಯಿಲೆ ಅಂದಿದ್ರ ಆಟ ಆಕ್ಕಿತ್ತು. ನಿಮ್ಮವ್ವ ಮನಿ ಕಾಯಲಿ ಅಂತ ಕೊಟ್ಟ ಇಬತ್ತಿ ಹಚ್ಚಿಕೊಂಡು ನಿನ್ನ ಹೆಸರು ಹೇಳಿದಿ. ಆಣಿ ಅದು, ಆಟ ಅಲ್ಲ."

"ಬಿಡಸ್ರಿ ಯವ್ವಾ. ಏನರ ಮಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ."

ಆಕೆ ಶಾವಿಗೆಯ ಮಣೆ ಬದಿಗೆ ಸರಿಸಿದಳು. "ದಾರಿ ಒಂದದ. ನಿಮ್ಮ ಮನ್ಯಾಗ ನಿನ್ನ ಗುರ್ತು ಇರೋರು ಯಾರರ ಉಳದಾರೇನು?"

"ಮಗಳು. ಐದು ವರ್ಷದಾಕಿ."

"ಹಾಲುಹಲ್ಲು ಬೀಳದ ಕೂಸಿಗಿ ಮರಿಯೂದು ತಡಾ ಆಕ್ಕದ. ಹೊತ್ತು ಮುಳುಗಿದ್ರ ಅದೂ ಮರೀತದ. ಇವತ್ತ ಹೊತ್ತು ಮುಳುಗೂದ್ರಾಗ ಅದು ಹೊಸ್ತಿಲ ಒಳಗ ನಿಂತು, ಅಪ್ಪಾ ಬಾ ಅಂದು, ನಿನ್ನ ಕೈ ಹಿಡದು ಒಳಗ ಕರಕೊಂಡ್ರ ಆಣಿ ಹರೀತದ."

ಬಸವಪ್ರಸಾದ ಎದ್ದೇಬಿಟ್ಟ.

"ಕುಂಡ್ರು. ಪೂರಾ ಕೇಳು. ಆ ಬಣದಾಗ ಒಂದೂ ಜಾಗಾ ಖಾಲಿ ಇರಂಗಿಲ್ಲ. ಕರಕೊಂಡಾಕಿ ನಿನ್ನ ಬದಲಿ ಹೋಗ್ತಾಳ."

ಹಾಗಾದರೆ ಅವನು ಮಾನ್ವಿಗೆ ಯಾಕೆ ಹೋದ? ಮಲ್ಲಟ ದಾಟುವಾಗ ತನಗೆ ತಾನೇ ಹೇಳಿಕೊಂಡ: ಮುದುಕಿಗೆ ಏನು ಗೊತ್ತು, ಕರೆದವರು ಹೋಗುತ್ತಾರೆಂಬುದು ಬರೀ ಹೆದರಿಕೆಯ ಮಾತು. ದೂರದಿಂದ ಒಮ್ಮೆ ನೋಡಿ ಬರುತ್ತೇನಷ್ಟೆ ಎಂದೂ ಹೇಳಿಕೊಂಡ. ಎರಡೂ ಸುಳ್ಳು. ಮನೆ ಬೇಕಾಗಿತ್ತು ಅವನಿಗೆ. ಎಷ್ಟಾದರೂ ಮನುಷ್ಯ.

ಹೊತ್ತು ಇಳಿಯುತ್ತಿತ್ತು. ಮಿಲ್ಲಿನ ಕಡೆಯಿಂದ ಕುದಿಸಿದ ಭತ್ತದ ಹಬೆವಾಸನೆ ಬರುತ್ತಿತ್ತು. ಓಣಿಯ ತಿರುವಿಗೆ ಬಂದಾಗ ಅದು ಕರಗಿ ಒದ್ದೆ ಬೂದಿಯ ವಾಸನೆಯಾಯಿತು. ಆಗ ಅವರು ಕಂಡರು. ತನ್ನ ಮನೆಯ ಹೊರಗೋಡೆಗುಂಟ, ಒಬ್ಬರಿಗೊಬ್ಬರು ಅಂಟಿಕೊಂಡು, ಮಂಡಿ ಮಡಚಿ ಕುಳಿತವರು. ಗಂಡಸರು, ಮುದುಕರು. ಎಲ್ಲರ ಮುಖ ಗೋಡೆಯ ಕಡೆಗೆ. ಎಲ್ಲರೂ ಗೋಡೆಗೆ ಕಿವಿ ಹಚ್ಚಿ ಒಳಗಿನ ಮಾತು ಕೇಳುತ್ತಿದ್ದರು. ಒಬ್ಬ ಹುಡುಗನ ಮೈಮೇಲೆ ಜೀನ್ಸ್ ಪ್ಯಾಂಟಿತ್ತು. ಅಂಬರೇಶ ಇವನೇ ಇರಬೇಕು.

ನೀಲಾ ತಲೆಬಾಗಿಲಲ್ಲಿ ಕುಳಿತಿದ್ದಳು. ಅಪ್ಪನ ದಾರಿ ಕಾಯುತ್ತಿದ್ದಳು. ಆ ಮನೆಯಲ್ಲಿ ಅವನ ದಾರಿ ಕಾಯುವ ಜೀವ ಅದೊಂದೇ.

"ಅಪ್ಪಾ!"

ಹೊಸ್ತಿಲ ಒಳಗೆ ಎದ್ದು ನಿಂತಳು. ಪುಟ್ಟ ಕೈ ಚಾಚಿದಳು. ಅವನು ಹತ್ತಿರ ಹೋದ. ಮಂಡಿಯೂರಿದ. ಅವಳ ಮೈಯಿಂದ ಕೊಬ್ಬರಿಎಣ್ಣೆಯ ವಾಸನೆ ಬಂತು. ಕೈ ತಾನಾಗಿ ಎದ್ದಿತು. ಬೆರಳಿಗೂ ಬೆರಳಿಗೂ ಒಂದು ಗೇಣು. ಗೇಣಿಗಿಂತ ಕಡಿಮೆ.

ಗೋಡೆಯ ಕಡೆ ಏನೋ ಸರಿದ ಸದ್ದು. ಅವನು ಕಣ್ಣು ಹೊರಳಿಸಿದ. ಸಾಲು ಅಲುಗುತ್ತಿತ್ತು. ಅವರು ಒತ್ತಿಕೊಂಡು ಜಾಗ ಮಾಡುತ್ತಿದ್ದರು. ನಡುವೆ ಒಂದು ಸಂದು ತೆರೆಯಿತು. ಸಣ್ಣ ಸಂದು. ದೊಡ್ಡವರಿಗೆ ಸಾಲದು. ಐದು ವರ್ಷದ ಮಗುವಿಗೆ ಸರಿಹೋಗುವಷ್ಟೇ.

ಕೈ ಹಿಂದಕ್ಕೆ ಎಳೆದುಕೊಂಡ.

"ಅಪ್ಪಾ, ಬಾ—"

"ಬ್ಯಾಡ! ಅನಬ್ಯಾಡ!" ಚೀರಿದ. ಮತ್ತೆ ಮೆಲ್ಲಗೆ ಹೇಳಿದ. "ನಾ ನಿಮ್ಮಪ್ಪ ಅಲ್ಲವ್ವಾ."

"ಹೌದು!"

"ಅಲ್ಲ. ನೋಡು ಸರಿಯಾಗಿ. ನಾ ಬ್ಯಾರೆ ಊರಾಂವ. ಅಕ್ಕಿ ಕೇಳಾಕ ಬಂದೀನಿ."

"ಸುಳ್ಳು ಹೇಳ್ತಿ. ನೀ ನಮ್ಮಪ್ಪ." ಹೊಸ್ತಿಲಾಚೆ ಕೈ ಇನ್ನಷ್ಟು ಚಾಚಿದಳು.

ಅವನು ಎದ್ದು ಮೂರು ಹೆಜ್ಜೆ ಹಿಂದೆ ಸರಿದ. ಮುಖ ಗಂಟಿಕ್ಕಿ, ಜೀವಮಾನದಲ್ಲಿ ಎಂದೂ ಅವಳ ಮೇಲೆ ಎತ್ತದ ದನಿ ಎತ್ತಿದ. "ಯಾರ ಕೂಸು ಇದು? ಯಾರ್ಯಾರನ್ನೋ ಅಪ್ಪ ಅಂತದ! ಒಳಗ ಕರ್ಕೊಳ್ರಿ ಇದನ್ನ!"

ನೀಲಾ ಬಿಕ್ಕಿ ಅತ್ತಳು. ಸೂರ್ಯ ಮುಳುಗಿದ. ಒಮ್ಮೆಲೇ ಅಳು ನಿಂತಿತು. ಗಲ್ಲದ ಮೇಲೆ ಕಣ್ಣೀರು ಹಾಗೇ ಇತ್ತು, ಯಾಕೆ ಅತ್ತೆನೆಂಬುದು ಅವಳಿಗೆ ತಿಳಿಯಲಿಲ್ಲ.

"ಯಾರವ್ವಾ ನೀಲಾ, ಬಾಗಲದಾಗ?" ಒಳಗಿನಿಂದ ಶೈಲಜಾ ಕೂಗಿದಳು.

ಮಗು ಅವನ ಮುಖವನ್ನೇ ನೋಡಿತು. ಬಹಳ ಹೊತ್ತು ನೋಡಿತು.

"ಗೊತ್ತಿಲ್ಲಮ್ಮ," ಎಂದಿತು. "ಯಾರೋ ಅಳಾಕತ್ಯಾರ."